ಮಣೆಗೆ ವಾರ್ನಿಷ್

ದೊಡ್ಡಬಳ್ಳಾಪುರದ ಒಂದು ಬೀದಿ. ಅಕ್ಕಪಕ್ಕದ ಮನೆಗಳಲ್ಲಿ ಮಗ್ಗದ ಸದ್ದು. ನಡುವೆ ಒಂದು ಬಡಗಿಯ ಮನೆ. ಗಂಡ ಹಲಸಿನ ಮರದ ಮಣೆ ಮಾಡುತ್ತಾನೆ. ವಾರ್ನಿಷ್ ಬಳಿಯುವ ಕೆಲಸ ಹೆಂಡತಿಯದು.

ಒಂದು ಸಲ ಆಕೆ ನಾಲ್ಕು ಮಣೆಗೆ ಬಳಿದು ಅಂಗಳದಲ್ಲಿ ಇಟ್ಟಳು. ಬೆಳಗ್ಗೆ ನೋಡಿದರೆ ಮೈಯೆಲ್ಲ ತರಿತರಿ. ಮದುವೆ ಮನೆಯವರು ಕೈಯಾಡಿಸಿ, "ಏನಮ್ಮ, ಮೇಲೆ ರಾಗಿ ಉದುರಿಸಿದ್ದೀಯಾ?" ಅಂದರು. ದುಡ್ಡು ಕಡಿಮೆ ಕೊಟ್ಟರು.

"ಯಾಕೆ ಹೀಗಾಯ್ತು ಅತ್ತೆ?"

"ವಾರ್ನಿಷ್ ಒಣಗೋಕೆ ಗಂಟೆಗಟ್ಟಲೆ ಬೇಕು ಕಣಮ್ಮ. ಅಲ್ಲಿವರೆಗೆ ಅದು ಹಲಸಿನ ಮೇಣ ಇದ್ದ ಹಾಗೆ. ಮಗ್ಗದ ಎಳೆ, ಬೀದಿ ಧೂಳು, ಎಲ್ಲಾ ಅಂಟಿಕೊಳ್ಳುತ್ತೆ."

ಚನ್ನಪಟ್ಟಣದ ಬೊಂಬೆಗೆ ಈ ಕಾಟ ಇಲ್ಲ. ಆ ಊರು 2007ರವರೆಗೆ ನಮ್ಮ ಜಿಲ್ಲೆಯಲ್ಲೇ ಇತ್ತು. ಅಲ್ಲಿ ಹಾಲೆ ಮರದ ತುಂಡನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ, ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಹೂವಿನ ಗಿಡದ ಗರಿಯಿಂದ ಉಜ್ಜಿದರೆ ಹೊಳಪು. ಆರಿದ ಕೂಡಲೇ ಗಟ್ಟಿ. ಧೂಳು ಕೂರೋಕೆ ಹೊತ್ತೆಲ್ಲಿ? ನಮ್ಮ ಮಣೆ ಚಪ್ಪಟೆ. ಹಾಗೆ ತಿರುಗಿಸೋಕೆ ಆಗದು. ವಾರ್ನಿಷೇ ಗತಿ.

ಮುಂದಿನ ಸಲ ಆಕೆ ಮಣೆಯನ್ನು ಹೊರಗೆ ಇಟ್ಟುಕೊಂಡು, ಮೂಗಿಗೆ ಬಟ್ಟೆ ಕಟ್ಟಿ, ಮರದ ಗೆರೆ ಹೋದ ಕಡೆಗೇ ಉಪ್ಪು ಕಾಗದದಿಂದ ಉಜ್ಜಿದಳು. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದಳು. ಕೋಣೆಯನ್ನು ಹಿಂದಿನ ದಿನವೇ ಗುಡಿಸಿ ಒರೆಸಿದ್ದಳು. ಬಳಿಯುವ ದಿನ ಪೊರಕೆ ಮುಟ್ಟಲಿಲ್ಲ. ಗುಡಿಸಿದರೆ ಧೂಳು ಏಳುತ್ತದಲ್ಲ! ಮಗ್ಗದ ಕಡೆಯ ಬಾಗಿಲು ಮುಚ್ಚಿ, ಹಿತ್ತಲ ಕಿಟಕಿ ತೆರೆದಳು. ವಾಸನೆ ಹೊರಗೆ ಹೋಗಬೇಕು.

ವಾರ್ನಿಷ್ ಡಬ್ಬ ಕುಲುಕಲಿಲ್ಲ. ಕುಲುಕಿದರೆ ಗುಳ್ಳೆ ಬರುತ್ತೆ. ಕಡ್ಡಿಯಿಂದ ಮೆಲ್ಲಗೆ ಕಲಕಿ, ಬೇಕಾದಷ್ಟನ್ನೇ ತೆಳು ಬಟ್ಟೆಯಲ್ಲಿ ಬಟ್ಟಲಿಗೆ ಸೋಸಿಕೊಂಡಳು. ತೆಳ್ಳಗೆ ಬಳಿದಳು. ಒಣಗಿದ ಮೇಲೆ ನಯವಾದ ಉಪ್ಪು ಕಾಗದದಿಂದ ಹಗುರವಾಗಿ ಉಜ್ಜಿ, ಒರೆಸಿ, ಮತ್ತೆ ಬಳಿದಳು. ಹೀಗೆ ಮೂರು ಸಲ.

ಎಷ್ಟು ಗಂಟೆ ಒಣಗಬೇಕು? ಡಬ್ಬದ ಮೇಲೆ ಬರೆದಿರುತ್ತೆ. ಇಂಗ್ಲಿಷಿನಲ್ಲಿತ್ತು. ಅಂಗಡಿಯವರನ್ನು ಕೇಳಿ, ತಾನೇ ಕನ್ನಡದಲ್ಲಿ ಬರೆದು ಡಬ್ಬಕ್ಕೆ ಅಂಟಿಸಿದಳು.

ಒಂದು ಮಾತು ಮರೆಯಬೇಡಿ. ವಾರ್ನಿಷ್ ಹತ್ತಿರ ಒಲೆ, ದೀಪ, ಬೀಡಿ ಬೇಡ. ಎಣ್ಣೆ ವಾರ್ನಿಷ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನೇ ಕಾದು ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಒಣಗಿಸಿ.

ಉತ್ತರ ಬರೆಯಿರಿ:
ಮೊದಲ ಸಲ ಮಣೆ ಯಾಕೆ ತರಿತರಿ ಆಯಿತು?
ಬಳಿಯುವ ದಿನ ಆಕೆ ಪೊರಕೆ ಯಾಕೆ ಮುಟ್ಟಲಿಲ್ಲ?
ನಿಮ್ಮ ಮನೆಯ ಯಾವ ಡಬ್ಬಕ್ಕೆ ಕನ್ನಡದ ಚೀಟಿ ಬೇಕು? ಬರೆದು ಅಂಟಿಸಿ.