ಸೀಳುತುಟಿ ಆಪರೇಷನ್: ಹೊಸದಾಗಿ ತಿಳಿಯುವವರಿಗೆ

ಭದ್ರಾವತಿಯಾಗಲಿ ಶಿವಮೊಗ್ಗವಾಗಲಿ, ಸೀಳುತುಟಿಯ ಮಗು ಹುಟ್ಟಿದ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ. ಗ್ರಹಣ ತಾಗಿತೆ? ಆಪರೇಷನ್ ಯಾವಾಗ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಗರ್ಭದ ಮೊದಲ ಮೂರು ತಿಂಗಳಲ್ಲಿ ಮುಖದ ಎರಡು ಬದಿಯಿಂದ ಬೆಳೆದು ಬರುವ ಭಾಗಗಳು ನಡುವೆ ಕೂಡಿಕೊಳ್ಳಬೇಕು. ಪೂರ್ತಿ ಕೂಡದಿದ್ದರೆ ತುಟಿಯಲ್ಲೋ ಅಂಗುಳಿನಲ್ಲೋ ಸೀಳು ಉಳಿಯುತ್ತದೆ. ಜಗತ್ತಿನಲ್ಲಿ ಸುಮಾರು 700 ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಗ್ರಹಣದ ದಿನ ತಾಯಿ ಈಳಿಗೆಮಣೆ ಮುಟ್ಟಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ದಯವಿಟ್ಟು ಆಕೆಯ ಮೇಲೆ ತಪ್ಪು ಹೊರಿಸಬೇಡಿ.

ಎರಡನೆಯ ಪ್ರಶ್ನೆಗೆ ತುಸು ತಾಳ್ಮೆ ಬೇಕು. ವೈದ್ಯರು ಹಿಂದಿನಿಂದ ಪಾಲಿಸುತ್ತ ಬಂದ ಒಂದು ಲೆಕ್ಕವಿದೆ: ಮಗುವಿಗೆ ಕನಿಷ್ಠ 10 ವಾರ ತುಂಬಿರಬೇಕು, ತೂಕ 10 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಕಿಲೋ ಇರಬೇಕು, ಹಿಮೋಗ್ಲೋಬಿನ್ 10 ಗ್ರಾಂ ಮುಟ್ಟಿರಬೇಕು. ತುಟಿಯನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ಹೊಲಿಯುತ್ತಾರೆ. ಅಂಗುಳಿನ ಸರದಿ ಒಂಬತ್ತರಿಂದ ಹದಿನೆಂಟು ತಿಂಗಳ ನಡುವೆ ಬರುತ್ತದೆ. ಹಾಗಾಗಿ ಸುರಕ್ಷತೆಯ ಮೊದಲ ಕೆಲಸ ನಡೆಯುವುದು ಮನೆಯಲ್ಲೇ, ಮಗುವಿನ ತೂಕ ಏರಿಸುವುದರಲ್ಲಿ. ಅಂಗುಳು ಸೀಳಿದ್ದರೆ ಮಗುವಿಗೆ ಮೊಲೆ ಚೀಪಲು ಕಷ್ಟ. ತಾಯಿಯ ಹಾಲನ್ನೇ ಹಿಂಡಿ, ಮಗುವನ್ನು ತಲೆ ಎತ್ತರಿಸಿ ಕೂರಿಸಿಕೊಂಡು, ತೊಳೆದು ಕುದಿಸಿದ ಒಳಲೆಯಲ್ಲಿ ಸ್ವಲ್ಪಸ್ವಲ್ಪವಾಗಿ ಕುಡಿಸಿ, ನಡುನಡುವೆ ತೇಗಿಸಿ. ನಮ್ಮ ಅಜ್ಜಿಯರ ಒಳಲೆ ಇಲ್ಲಿ ನಿಜವಾಗಿಯೂ ಒಳ್ಳೆಯ ಸಾಧನ.

ಆಪರೇಷನ್ ದಿನದ ಒಂದು ಮಾತನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ಅರಿವಳಿಕೆಗೆ ಮುನ್ನ ಹೊಟ್ಟೆ ಖಾಲಿ ಇರಲೇಬೇಕು. ಎದೆಹಾಲಾದರೆ ನಾಲ್ಕು ಗಂಟೆ, ಹಸುವಿನ ಹಾಲು ಅಥವಾ ಡಬ್ಬಿ ಹಾಲಾದರೆ ಆರು ಗಂಟೆ ಮೊದಲೇ ನಿಲ್ಲಿಸುವುದು ವಾಡಿಕೆ. ನಿಮ್ಮ ಮಗುವಿನ ಸಮಯವನ್ನು ಅರಿವಳಿಕೆ ವೈದ್ಯರೇ ಹೇಳುತ್ತಾರೆ. ಹಸಿದ ಮಗು ಅತ್ತಾಗ ಯಾರಾದರೂ ಮರುಗಿ ಎರಡು ಗುಟುಕು ಕುಡಿಸಿಬಿಟ್ಟರೆ, ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಕುತ್ತಾಗಬಹುದು. ಕುಡಿಸಿದ್ದರೆ ಮುಚ್ಚಿಡದೆ ಹೇಳಿ. ಆಪರೇಷನ್ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಕೆಮ್ಮು, ನೆಗಡಿ, ಜ್ವರದ ವಿಷಯದಲ್ಲೂ ಹೀಗೆಯೇ.

ಥಿಯೇಟರಿನೊಳಗಿನ ಎಚ್ಚರಕ್ಕೂ ಒಂದು ಕ್ರಮವಿದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಒಂದು ತಪಾಸಣಾ ಪಟ್ಟಿ ಕೊಟ್ಟಿತು: ಅರಿವಳಿಕೆಗೆ ಮುನ್ನ, ಕತ್ತರಿಸುವ ಮುನ್ನ, ಥಿಯೇಟರ್ ಬಿಡುವ ಮುನ್ನ ಎಲ್ಲರೂ ನಿಂತು ಖಚಿತಪಡಿಸಿಕೊಳ್ಳಬೇಕು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು. ‘ನಿಮ್ಮಲ್ಲಿ ಈ ಪಟ್ಟಿ ಪಾಲಿಸುತ್ತೀರಾ, ರಾತ್ರಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಅಂಗುಳಿನ ಆಪರೇಷನ್ ಆದ ಮೊದಲ ರಾತ್ರಿ ರಕ್ತಸ್ರಾವ, ಉಸಿರುಕಟ್ಟುವಿಕೆ ಇವುಗಳ ಮೇಲೆ ಕಣ್ಣಿಡಲೇಬೇಕು.

ಇನ್ನು ಫಲಿತಾಂಶ. ಹೊಲಿಗೆ ಬಿಚ್ಚಿದ ದಿನ ಮುಖ ನೋಡಿ ‘ಸರಿಹೋಯಿತು’ ಎಂದು ಸಂತೋಷಪಡುತ್ತೇವೆ. ಸಂತೋಷ ಸರಿ, ತೀರ್ಮಾನ ಬೇಗವಾಯಿತು. ಅಂಗುಳಿನ ಹಿಂಭಾಗ ಮೇಲೆದ್ದು ಮೂಗಿನ ದಾರಿ ಮುಚ್ಚಿದರೆ ಮಾತ್ರ ಪ, ಬ, ಕ, ಗ ಸ್ಪಷ್ಟವಾಗುತ್ತವೆ. ಮುಚ್ಚದಿದ್ದರೆ ಗಾಳಿ ಮೂಗಿಗೆ ಸೋರಿ ಮಗುವಿನ ‘ಅಪ್ಪ’ ಎಂಬುದು ‘ಅಮ್ಮ’ ಎಂದಂತೆ ಕೇಳುತ್ತದೆ. ಕುಡಿದ ನೀರು ಮೂಗಿನಿಂದ ಬಂದರೆ ಅಂಗುಳಿನಲ್ಲಿ ಸಣ್ಣ ರಂಧ್ರ ಉಳಿದಿರಬಹುದು. ಕಿವಿಯೊಳಗೆ ನೀರು ಕಟ್ಟಿ ಕೇಳಿಸುವಿಕೆ ಕುಗ್ಗುವುದೂ ಈ ಮಕ್ಕಳಲ್ಲಿ ಹೆಚ್ಚು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳ ಮಾತಿಗೆಂದೇ ವಿಭಾಗವಿದೆ. ಸುಮಾರು ಎಂಟರಿಂದ ಹನ್ನೊಂದು ವರ್ಷದೊಳಗೆ, ಕೋರೆಹಲ್ಲು ಇಳಿಯುವ ಮುನ್ನ, ಒಸಡಿನ ಸೀಳಿಗೆ ಮೂಳೆ ತುಂಬಬೇಕಾಗಬಹುದು. ಮೇಲ್ದವಡೆ ಹಿಂದುಳಿದರೆ ಬೆಳವಣಿಗೆ ಮುಗಿದ ಮೇಲೆ ಅದಕ್ಕೂ ಚಿಕಿತ್ಸೆಯಿದೆ.

ಇಷ್ಟು ವರ್ಷದ ಖರ್ಚು ನೆನೆದು ಎದೆಗುಂದಬೇಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿ, ಸೀಳಂಗುಳ ಸೇರಿವೆ. ಸ್ಮೈಲ್ ಟ್ರೈನ್ ಎಂಬ ಸೇವಾ ಸಂಸ್ಥೆಯ ನೆರವಿರುವ ಆಸ್ಪತ್ರೆಗಳಲ್ಲಿ ಆಪರೇಷನ್ ಉಚಿತ. ಧಾರವಾಡದ ಎಸ್‌ಡಿಎಂ ದಂತ ಕಾಲೇಜಿನಲ್ಲಿ ಮುಖ-ತಲೆಬುರುಡೆ ಶಸ್ತ್ರಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಊರಿನ ಆಶಾ ಕಾರ್ಯಕರ್ತೆಯನ್ನೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗವನ್ನೋ ಮಗು ಹುಟ್ಟಿದ ವಾರದಲ್ಲೇ ಕೇಳಿ, ಬಸುರಿಯಾಗಿದ್ದಾಗ ಕೊಟ್ಟ ತಾಯಿ ಕಾರ್ಡ್ ಜೊತೆಗಿರಲಿ.