ಕೆರೆಯ ಮೀಥೇನ್: ಲೆಕ್ಕಪತ್ರಕ್ಕೆ ಬಾರದ ಹೊಣೆ

2018ರ ಜನವರಿ 19ರಂದು ಬೆಂಗಳೂರಿನ ಬೆಳ್ಳಂದೂರು ಕೆರೆಯಂಗಳಕ್ಕೆ ಬೆಂಕಿ ಬಿದ್ದಾಗ, ಅದನ್ನು ನಂದಿಸಲು ಸೇನೆಯ ಸುಮಾರು 5,000 ಸಿಬ್ಬಂದಿ ಶ್ರಮಿಸಬೇಕಾಯಿತು. ಕಣ್ಣಿಗೆ ಕಂಡದ್ದು ಉರಿಯುವ ಒಣಹುಲ್ಲು. ಆದರೆ ಹೂಳಿನಿಂದೇಳುವ ಮೀಥೇನ್ ಅನಿಲದ ಪಾತ್ರವೂ ಆಗ ಚರ್ಚೆಗೆ ಬಂದಿತು. ಈ ಅನಿಲದ ಮೂಲವನ್ನು ಉದ್ಯಮಿಗಳು ಅರಿತಿರುವುದು ಅವಶ್ಯಕ.

ಉತ್ಪತ್ತಿ: ಕೊಳಚೆನೀರಿನ ಕಶ್ಮಲ, ಸತ್ತ ಪಾಚಿ ಮತ್ತು ಜೊಂಡು ಕೆರೆಯ ತಳದಲ್ಲಿ ಸಂಗ್ರಹವಾಗುತ್ತವೆ. ಅವು ಕೊಳೆಯುವಾಗ ಆಮ್ಲಜನಕ ತೀರಿಹೋಗುತ್ತದೆ. ಬಳಿಕ ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಉತ್ಪಾದಿಸುತ್ತವೆ. ಗೋಬರ್ ಗ್ಯಾಸ್ ಸ್ಥಾವರದಲ್ಲಿಯೂ ಇದೇ ಕ್ರಿಯೆ ನಡೆಯುತ್ತದೆ. ಅಲ್ಲಿ ಅನಿಲವು ಇಂಧನವಾಗಿ ಜಮೆಯಾಗುತ್ತದೆ, ಕೆರೆಯಲ್ಲಿ ಗಾಳಿಪಾಲಾಗುತ್ತದೆ. ನೀರು ಬೆಚ್ಚಗಾದಷ್ಟೂ, ಮಾರ್ಜಕಗಳ ರಂಜಕದಿಂದ ಪಾಚಿ ಬೆಳೆದಷ್ಟೂ ಉತ್ಪತ್ತಿ ಹೆಚ್ಚುತ್ತದೆ.

ಬಿಡುಗಡೆ: ಇದಕ್ಕೆ ಮುಖ್ಯವಾಗಿ ಮೂರು ಮಾರ್ಗಗಳಿವೆ.
1. ನೀರಿನಲ್ಲಿ ಕರಗಿ ಮೇಲ್ಮೈಗೆ ಬರುವುದು. ನೀರಿನಲ್ಲಿ ಆಮ್ಲಜನಕವಿದ್ದರೆ ಕೆಲವು ಬ್ಯಾಕ್ಟೀರಿಯಾಗಳು ಈ ಮೀಥೇನನ್ನು ಬಳಸಿಕೊಳ್ಳುತ್ತವೆ.
2. ಗುಳ್ಳೆಗಳಾಗಿ ಏಳುವುದು. ಹೂಳು ತುಂಬಿ ಆಳ ಕಳೆದುಕೊಂಡ ಕೆರೆಯಲ್ಲಿ ಗುಳ್ಳೆಗಳು ಬ್ಯಾಕ್ಟೀರಿಯಾಗಳಿಗೆ ಸಿಗದೆ ನೇರವಾಗಿ ಹೊರಬೀಳುತ್ತವೆ.
3. ಜೊಂಡಿನಂತಹ ಸಸ್ಯಗಳ ಟೊಳ್ಳು ಕಾಂಡದ ಮೂಲಕ ಹೊರಸೂಸುವುದು.

ಪರಿಣಾಮ: ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ 2021ರ ವರದಿಯಂತೆ, ಇಂತಹ ಜೈವಿಕ ಮೂಲದ ಒಂದು ಟನ್ ಮೀಥೇನ್, 100 ವರ್ಷಗಳ ಅವಧಿಯಲ್ಲಿ ಸುಮಾರು 27 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ, 20 ವರ್ಷಗಳ ಅವಧಿಯಲ್ಲಿ ಸುಮಾರು 80 ಟನ್ನಿಗೆ ಸಮ.

ಹೊಣೆ: ಲೆಕ್ಕಪತ್ರ ಮಾನಕ 29ರ ಪ್ರಕಾರ, ಹಿಂದಿನ ಘಟನೆಯಿಂದ ಹೊಣೆ ಉಂಟಾಗಿ, ಹಣ ತೆರಬೇಕಾಗುವ ಸಂಭವವಿದ್ದು, ಮೊತ್ತವನ್ನು ಅಂದಾಜಿಸಲು ಸಾಧ್ಯವಿದ್ದರೆ ಅದಕ್ಕೆ ಅವಕಾಶ ಕಲ್ಪಿಸಬೇಕು. ಕೆರೆಯ ತಳದ ಹೂಳು ಯಾರ ಪುಸ್ತಕದಲ್ಲಿಯೂ ಕಾಣುವುದಿಲ್ಲ. ತ್ಯಾಜ್ಯನೀರನ್ನು ಸಂಸ್ಕರಿಸದೆ ಬಿಟ್ಟವನ ಲಾಭ-ನಷ್ಟ ಖಾತೆಯಲ್ಲಿ ಅದು ಉಳಿತಾಯವಾಗಿಯೇ ತೋರುತ್ತದೆ. ಆದರೆ ಸಾಲ ಅಳಿದಿರುವುದಿಲ್ಲ. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬೆಂಗಳೂರಿನ ಕೆರೆಗಳ ಮಾಲಿನ್ಯದ ಪ್ರಕರಣದಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ ಹಾಗೂ ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿ ಕಟ್ಟುವಂತೆ ಆದೇಶಿಸಿತು. ಅಂತಹ ಹಣ ಬರುವುದು ತೆರಿಗೆದಾರರ ಜೇಬಿನಿಂದಲೇ.

ಪರಿಹಾರ: ಹೂಳೆತ್ತುವುದು ಹಳೆಯ ಬಾಕಿಯನ್ನು ತೀರಿಸುತ್ತದೆ, ಒಳಹರಿವನ್ನು ಶುದ್ಧಗೊಳಿಸದಿದ್ದರೆ ಹೊಸ ಬಾಕಿ ಬೆಳೆಯುತ್ತದೆ. ಆದ್ದರಿಂದ ಪ್ರತಿಯೊಂದು ಘಟಕವೂ ಸಂಸ್ಕರಣಾ ಸ್ಥಾವರವನ್ನು ತಪಾಸಣೆಯ ದಿನ ಮಾತ್ರವಲ್ಲದೆ ನಿತ್ಯವೂ ನಡೆಸುವುದು, ಸಾಧ್ಯವಿದ್ದಲ್ಲಿ ಮೀಥೇನನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದು ಇಂಧನವಾಗಿ ಬಳಸುವುದು ಉಚಿತ. ಸಂಸ್ಕರಣೆಯಲ್ಲಿ ಉಳಿಸಿದ ಹಣ ಲಾಭವಲ್ಲ. ಅದು ಮುಂದೂಡಿದ ವೆಚ್ಚ.