ಘಟ್ಟ ಇಳಿಯುವ ಮುನ್ನ

ಮಳೆಗಾಲದಲ್ಲಿ ಕಾರಿನಲ್ಲಿ ಧರ್ಮಸ್ಥಳಕ್ಕೋ ಉಡುಪಿಗೋ ಹೊರಟಿದ್ದೀರಾ? ಚಾರ್ಮಾಡಿ ಇರಲಿ, ಆಗುಂಬೆ ಇರಲಿ, ಹತ್ತುವ ಗೇರಿನಲ್ಲೇ ಇಳಿಯಿರಿ ಎಂಬ ಹಳೆಯ ಡ್ರೈವರುಗಳ ಮಾತು ನೆನಪಿರಲಿ. ಎರಡನೇ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿದು ಇಳಿಸುತ್ತದೆ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ಗೆ ಹಾಕುವವರಿದ್ದಾರೆ. ಉಳಿಯುವುದಿಲ್ಲ. ಈಗಿನ ಕಾರುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗಲೇ ಇಂಧನ ನಿಲ್ಲಿಸುತ್ತವೆ.

ಆಗುಂಬೆಯ ತಿರುವೊಂದರಲ್ಲಿ ನನಗೊಮ್ಮೆ ಸುಟ್ಟ ವಾಸನೆ ಬಂತು. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದಿದ್ದೆ. ಪೆಡಲ್ ಎಂದಿಗಿಂತ ಆಳಕ್ಕೆ ಹೋಯಿತು, ಕಾರು ಮಾತ್ರ ನಿಧಾನವಾಗಲೊಲ್ಲದು. ಎದೆ ಝಲ್ಲೆಂದಿತು. ಹಾಗಾದರೆ ಗೇರು ಇಳಿಸಿ, ಅಗಲವಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾದೀತು.

ಬ್ರೇಕ್ ಆಯಿಲ್ ತೇವ ಹೀರುತ್ತದೆ, ಕಾದಾಗ ಕುದಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಟೈರಿನ ಗೀರು 1.6 ಮಿ.ಮೀ.ಗೆ ಸವೆಯುವವರೆಗೆ ಕಾನೂನು ಬಿಡುತ್ತದೆ, ಘಟ್ಟದ ಮಳೆ ಬಿಡುವುದಿಲ್ಲ. 3 ಮಿ.ಮೀ.ಗೇ ಹೊಸದು ಹಾಕಿಸಿ. ಇಕ್ಕಟ್ಟಿನ ತಿರುವಿನಲ್ಲಿ ಹಾರನ್ ಮಾಡಿ, ಹತ್ತಿ ಬರುವ ಗಾಡಿಗೆ ಮೊದಲು ದಾರಿ ಬಿಡಿ.